ಹಳೆಯ ಎಂಜಿನ್‌ನ ಸದ್ದು

ಪ್ರಶ್ನೆ: ನನ್ನ 1967ರ ಎಂಜಿಬಿ ಸ್ಪೋರ್ಟ್ಸ್ ಕಾರಿನ ಎಂಜಿನ್‌ನಲ್ಲಿ ಟಕ್ ಟಕ್ ಎಂಬ ಸದ್ದು ಬರುತ್ತಿದೆ. ಎಂಜಿನ್ ಬಿಚ್ಚಿಸಲೇಬೇಕೇ?
— ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್

ಉತ್ತರ: ದಯವಿಟ್ಟು ಆತುರಪಡಬೇಡಿ. ತಿರುಗುವ ಫ್ಯಾನ್‌ನಿಂದ ದೂರ ನಿಂತು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ನ ಮೇಲ್ಭಾಗದ ಮುಚ್ಚಳವಾದ ವಾಲ್ವ್ ಕವರಿನ ಮೇಲಿಟ್ಟು ಹಿಡಿಗೆ ಕಿವಿಗೊಟ್ಟಾಗ ಹಗುರವಾದ ಸದ್ದು ಅಲ್ಲಿಯೇ ಸ್ಪಷ್ಟವಾಗಿ ಕೇಳಿಸಿದರೆ, ಅದು ಬಹುಮಟ್ಟಿಗೆ ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸಡಿಲವಾಗಿರುವುದರ ಲಕ್ಷಣ. ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಲೋಹದ ಪಟ್ಟಿ) ಬಳಸಿ, ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಅಂತರವನ್ನು 0.015 ಇಂಚಿಗೆ ಹೊಂದಿಸಿಕೊಳ್ಳಿ. ಸದ್ದು ಮುಂಭಾಗದಿಂದ ಬಂದರೆ ವಾಲ್ವ್‌ಗಳ ಚಲನೆಯನ್ನು ಎಂಜಿನ್‌ನ ತಿರುಗುವಿಕೆಗೆ ಹೊಂದಿಸುವ ಸರಪಳಿಯಾದ ಟೈಮಿಂಗ್ ಚೈನನ್ನು ಪರೀಕ್ಷಿಸಿ. ಆದರೆ ಏರು ಹತ್ತುವಾಗ ಎಂಜಿನ್‌ನ ತಳದಿಂದ ಭಾರವಾದ ಬಡಿತ ಕೇಳಿಸಿ, ಒಂದು ಸಿಲಿಂಡರಿನ ಪ್ಲಗ್ ವೈರನ್ನು ಕಳಚಿದಾಗ ಅದು ತಗ್ಗಿದರೆ, ಆ ಸಿಲಿಂಡರಿನ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ದಂಡ) ಬೇರಿಂಗ್ ಸವೆದಿರುವ ಸಂಭವವೇ ಹೆಚ್ಚು. ಆಯಿಲ್ ಪ್ರೆಶರಿನ ಮುಳ್ಳೂ ಇಳಿದಿದ್ದರೆ ಎಂಜಿನ್‌ನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಹಾಳಾಗುವ ಮುನ್ನವೇ ಓಡಿಸುವುದನ್ನು ನಿಲ್ಲಿಸಿ, ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡೇ ಹೋಗಿ.