ಕನ್ನಡಿ ಸರಿಹೋಗಲಿ ಎಂದು ಕಾಯಬೇಡಿ

ಪ್ರಶ್ನೆ: ನನಗೆ 22 ವರ್ಷ. ಒಂದೂವರೆ ವರ್ಷದಿಂದ ಊಟ ತೀರಾ ಕಡಿಮೆ ಮಾಡಿದ್ದೇನೆ. ಎಲ್ಲರೂ ‘ಮೂಳೆ ಚಕ್ಕಳವಾಗಿದ್ದೀಯ’ ಅನ್ನುತ್ತಾರೆ. ಕನ್ನಡಿಯಲ್ಲಿ ನನಗೆ ಕಾಣುವುದು ದಪ್ಪ ತೊಡೆಗಳೇ. ಅವರು ಸುಳ್ಳು ಹೇಳುತ್ತಿದ್ದಾರೆಯೇ?
– ಹೆಸರು ಬೇಡ

ಉತ್ತರ: ಇಲ್ಲಮ್ಮ, ಅವರದು ಸುಳ್ಳಲ್ಲ. ನೀವೂ ಸುಳ್ಳು ಹೇಳುತ್ತಿಲ್ಲ. ನಿಮಗೆ ದಪ್ಪ ಕಾಣುತ್ತಿರುವುದು ನಿಜ, ನನಗೂ ಕಂಡಿತ್ತು.

ಆಗ ನನಗೆ 19. ಬೆಳಗ್ಗೆ ಹಾಸಿಗೆ ಬಿಡುವ ಮೊದಲೇ ಹೆಬ್ಬೆರಳು, ನಡುಬೆರಳು ಸೇರಿಸಿ ಮುಂಗೈಗೆ ಬಳೆಯಂತೆ ಹಾಕಿ ಮೊಣಕೈಯತ್ತ ಜಾರಿಸುತ್ತಿದ್ದೆ. ನಿನ್ನೆಗಿಂತ ಒಂದು ಕೂದಲೆಳೆ ಕೆಳಗೆ ಸಿಕ್ಕಿಕೊಂಡರೂ ಆ ದಿನವೆಲ್ಲ ಹಾಳು. ಒಮ್ಮೆ ಗೆಳತಿ ಕೇಳಿದಳು: ‘ಬಾಗಿಲು ಪೂರ್ತಿ ತೆರೆದಿದೆ, ನೀನ್ಯಾಕೆ ಅಡ್ಡ ತಿರುಗಿ ನುಸುಳ್ತೀಯ?’ ಹಾಗೆ ನುಸುಳುತ್ತಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ.

ಆಪ್ತಸಮಾಲೋಚಕಿಯಾದ ಮೇಲೆ, 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನ ಓದಿ ಬೆಚ್ಚಿದೆ. ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಟ್ಟು ಸೊರಗುವ ಮಾನಸಿಕ ಕಾಯಿಲೆ, ಇದ್ದವರನ್ನು, ಗಮನ ಬೇರೆಡೆ ಸೆಳೆದು, ಕಿಂಡಿಯಂಥ ದಾರಿಯಲ್ಲಿ ನಡೆಸಿದ್ದರು. ದಾರಿ ಭುಜಕ್ಕಿಂತ ಶೇ. 40ರಷ್ಟು ಹೆಚ್ಚು ಅಗಲವಿದ್ದಾಗಲೇ ಅವರು ಭುಜ ತಿರುಗಿಸುತ್ತಿದ್ದರು. ಆ ಕಾಯಿಲೆ ಇಲ್ಲದವರು ಶೇ. 25ರವರೆಗೂ ನೇರ ನಡೆಯುತ್ತಿದ್ದರು. ಅಲ್ಲಿ ಕನ್ನಡಿ ಇರಲಿಲ್ಲ. ಅಂದರೆ ಎಡವಟ್ಟು ಬರೀ ಕಣ್ಣಿನದಲ್ಲ. ಮೈಯ ಅಳತೆಯ ಬಗ್ಗೆ ಮಿದುಳು ಇಟ್ಟುಕೊಂಡ ಲೆಕ್ಕವೇ ತಪ್ಪಿರುತ್ತದೆ.

ಅದಕ್ಕೇ ಕನ್ನಡಿಯೊಡನೆ ವಾದಕ್ಕಿಳಿಯಬೇಡಿ. ‘ತೆಳ್ಳಗೆ ಕಾಣಲಿ, ಆಮೇಲೆ ಉಣ್ಣುತ್ತೇನೆ’ ಎಂದರೆ ಆ ದಿನ ಬರುವುದಿಲ್ಲ. ನನಗೆ ಮೊದಲು ಮರಳಿದ್ದು ತೂಕ, ಆಮೇಲೆ ಮುಟ್ಟು. ನೋಟ ಸರಿಹೋಗಲು ಮತ್ತೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ದಪ್ಪ ಕಾಣುತ್ತಲೇ ಉಂಡೆ. ಕಷ್ಟವಾಗಿತ್ತು, ಅತ್ತಿದ್ದೇನೆ.

ನಿಮ್ಮದು ಅನೊರೆಕ್ಸಿಯಾ ಹೌದೋ ಅಲ್ಲವೋ ಕಾಗದ ನೋಡಿ ಹೇಳಲಾರೆ. ಈ ವಾರವೇ ವೈದ್ಯರ ಬಳಿ ಹೋಗಿ. ನಾಡಿ, ರಕ್ತದೊತ್ತಡ, ಇಸಿಜಿ, ರಕ್ತದ ಪೊಟ್ಯಾಸಿಯಂ ಪರೀಕ್ಷೆ ಆಗಲಿ. ಮನೋವೈದ್ಯರನ್ನೂ ಕಾಣಿ. ತಲೆಸುತ್ತಿ ಬಿದ್ದರೆ, ಎದೆಬಡಿತ ಏರುಪೇರಾದರೆ ಅದೇ ದಿನ ಆಸ್ಪತ್ರೆಗೆ. ಒಂದು ಮಾತು ಮರೆಯಬೇಡಿ: ಬಹುಕಾಲ ಅರೆಹೊಟ್ಟೆಯಲ್ಲಿದ್ದವರು ಒಮ್ಮೆಲೇ ಹೆಚ್ಚು ಉಂಡರೆ ರಕ್ತದ ಲವಣಗಳು ಕುಸಿದು ಅಪಾಯವಾಗಬಹುದು. ಎಷ್ಟು, ಹೇಗೆ ಹೆಚ್ಚಿಸಬೇಕೆಂದು ವೈದ್ಯರೇ ಹೇಳಲಿ.

ಒಬ್ಬರೇ ಹೋಗಬೇಡಿ. ‘ಮೂಳೆ ಚಕ್ಕಳ’ ಎಂದವರಲ್ಲಿ ನಿಮಗೆ ಹೆಚ್ಚು ಹತ್ತಿರದವರು ಯಾರೋ, ಅವರಿಗೆ ಈ ಪುಟ ತೋರಿಸಿ. ಜೊತೆಗೆ ಬರುತ್ತಾರೆ.