ಕೊಡುವ ಸೋಡಿಯಂ, ಕಸಿಯುವ ಕ್ಲೋರಿನ್

ಪ್ರಶ್ನೆ: ನಾನು ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಆವರ್ತ ಕೋಷ್ಟಕದ 1ನೇ ಗುಂಪಿನಲ್ಲಿ ಕೆಳಗೆ ಹೋದ ಹಾಗೆ ಧಾತುಗಳ ಚುರುಕು (ಬೇರೆಯವುಗಳ ಜೊತೆ ವರ್ತಿಸುವ ಗುಣ) ಜಾಸ್ತಿಯಾಗುತ್ತದೆ, 17ನೇ ಗುಂಪಿನಲ್ಲಿ ಕಡಿಮೆಯಾಗುತ್ತದೆ ಎಂದು ಪುಸ್ತಕದಲ್ಲಿದೆ. ಎರಡಕ್ಕೂ ಪರಮಾಣು ದೊಡ್ಡದಾಗುವುದೇ ಕಾರಣವಂತೆ. ಒಂದೇ ಕಾರಣಕ್ಕೆ ಎರಡು ಉಲ್ಟಾ ಫಲ ಹೇಗೆ ಸರ್? ಪರೀಕ್ಷೆಯಲ್ಲಿ ಪ್ರತಿಸಲ ಅದಲುಬದಲು ಬರೆಯುತ್ತೇನೆ.
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಸರಿಯಾದ ಜಾಗದಲ್ಲೇ ಸಂಶಯ ಬಂದಿದೆ ಮಗಳೇ. ಕಾರಣ ಒಂದೇ ಹೌದು. ಆದರೆ ಈ ಎರಡು ಗುಂಪುಗಳು ಮಾಡುವ ಕೆಲಸ ಬೇರೆ ಬೇರೆ.

ಸೋಡಿಯಂ ತೆಗೆದುಕೋ. ಅದರ 11 ಎಲೆಕ್ಟ್ರಾನುಗಳು 2, 8, 1 ಎಂದು ಕವಚಗಳಲ್ಲಿ ಕೂತಿವೆ. ಹೊರಗಿನ ಆ ಒಂದನ್ನು ಕೊಟ್ಟುಬಿಟ್ಟರೆ ಒಳಗೆ ಉಳಿಯುವುದು ತುಂಬಿದ ಕವಚ. ಕ್ಲೋರಿನ್‌ನ 17 ಎಲೆಕ್ಟ್ರಾನುಗಳು ಇರುವುದು 2, 8, 7 ಎಂದು. ಅದಕ್ಕೆ ಇನ್ನೊಂದು ಸಿಕ್ಕಿದರೆ ಹೊರಗಿನ ಕವಚದಲ್ಲಿ 8 ಆಗುತ್ತದೆ. ಹಾಗಾಗಿ 1ನೇ ಗುಂಪಿನವು ಕೊಡುವವು. 17ನೇ ಗುಂಪಿನವು ಕಸಿಯುವವು.

ಈಗ ಪರಮಾಣು ದೊಡ್ಡದಾಯಿತು ಎನ್ನು. ನ್ಯೂಕ್ಲಿಯಸ್‌ಗೂ ಹೊರಗಿನ ಕವಚಕ್ಕೂ ನಡುವೆ ದೂರ ಹೆಚ್ಚಿತು, ಒಳಗಿನ ಕವಚಗಳೂ ಅಡ್ಡ ಬಂದವು. ಹಿಡಿತ ಸಡಿಲವಾಯಿತು. ಹಿಡಿತ ಸಡಿಲವಾದರೆ ಕೊಡುವುದು ಸಲೀಸು, ಕಸಿಯುವುದು ಕಷ್ಟ. ಇಷ್ಟೇ ವಿಷಯ. ಬಾಣದ ಗುರುತು ಹಾಕಿ ಬಾಯಿಪಾಠ ಮಾಡಬೇಡ. ಯಾವ ಗುಂಪು ಬಂದರೂ "ಇದು ಕೊಡುವುದಾ, ಕಸಿಯುವುದಾ?" ಎಂದು ಮೊದಲು ಕೇಳಿಕೋ.

ಅಂಕಿಗಳೂ ಇದನ್ನೇ ಹೇಳುತ್ತವೆ. ಒಂದು ಮೋಲ್ (ಪರಮಾಣು ಎಣಿಸುವ ಒಂದು ನಿಗದಿತ ಅಳತೆ) ಪರಮಾಣುಗಳಿಂದ ಹೊರಗಿನ ಎಲೆಕ್ಟ್ರಾನ್ ಕಿತ್ತು ತೆಗೆಯಲು ಲಿಥಿಯಂಗೆ ಸುಮಾರು 520 ಕಿಲೋಜೂಲ್ ಬೇಕು. ಸೋಡಿಯಂಗೆ 496, ಪೊಟ್ಯಾಸಿಯಂಗೆ 419, ಸೀಸಿಯಂಗೆ 376. ನೀರಿಗೆ ಹಾಕಿದಾಗ ಲಿಥಿಯಂ ಮೆಲ್ಲಗೆ ಗುಳ್ಳೆ ಬಿಡುತ್ತದೆ. ಸೋಡಿಯಂ ಆ ಬಿಸಿಗೆ ತಾನೇ ಕರಗಿ, ಗುಂಡಗಾಗಿ, ನೀರಿನ ಮೇಲೆ ಅತ್ತಿತ್ತ ಓಡುತ್ತದೆ. ಪೊಟ್ಯಾಸಿಯಂ ಹಾಕಿದ ಕೂಡಲೇ ನೇರಳೆ ಬಣ್ಣದ ಜ್ವಾಲೆ ಏಳುತ್ತದೆ. ಸೀಸಿಯಂ ನೀರು ಮುಟ್ಟಿದ ತಕ್ಷಣ ಸಿಡಿಯುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಒಬ್ಬ ಹುಡುಗ ಪ್ರಯೋಗ ಮುಗಿದ ಮೇಲೆ ಉಳಿದ ಸೋಡಿಯಂ ಚೂರನ್ನು ಒದ್ದೆ ಸಿಂಕಿಗೆ ಹಾಕಿಬಿಟ್ಟ. ಕಸ ಎಂದುಕೊಂಡಿದ್ದ ಪಾಪ. ಸಿಂಕು ಬಿರುಕು ಬಿಟ್ಟಿತು. ಪುಣ್ಯಕ್ಕೆ ಯಾರೂ ಹತ್ತಿರ ಇರಲಿಲ್ಲ. ಆ ಸದ್ದು ನನಗೆ ಇವತ್ತಿಗೂ ನೆನಪಿದೆ. ಸೋಡಿಯಂ ಅನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುವುದು ಸುಮ್ನೆ ಅಲ್ಲ. ಗಾಳಿ ಮತ್ತು ತೇವ, ಎರಡರಿಂದಲೂ ಅದನ್ನು ದೂರ ಇಡಬೇಕು. ಲಿಥಿಯಂ ಎಷ್ಟು ಹಗುರ ಎಂದರೆ ಸೀಮೆಎಣ್ಣೆಯ ಮೇಲೂ ತೇಲುತ್ತದೆ. ಹಾಗಾಗಿ ಅದಕ್ಕೆ ಮೇಣ ಅಥವಾ ವ್ಯಾಸಲಿನ್ ಥರದ ಜೆಲ್ಲಿ ಸುತ್ತಿ ಇಡುತ್ತಾರೆ.

ಈಗ ಹ್ಯಾಲೋಜನ್‌ಗಳ, ಅಂದರೆ 17ನೇ ಗುಂಪಿನವುಗಳ ಕಡೆ ಬಾ. ನಿಮ್ಮ ಲ್ಯಾಬಿನಲ್ಲಿ ಮೇಡಂ ಹತ್ತಿರ ಕೇಳಿ ಒಂದು ಪ್ರಯೋಗ ನೋಡು. ಪೊಟ್ಯಾಸಿಯಂ ಬ್ರೋಮೈಡ್ ದ್ರಾವಣಕ್ಕೆ ಕ್ಲೋರಿನ್ ನೀರು ಹಾಕಿದರೆ ಕಿತ್ತಳೆ ಬಣ್ಣ ಬರುತ್ತದೆ. ಬ್ರೋಮೈಡಿನ ಬಳಿ ಇದ್ದ ಎಲೆಕ್ಟ್ರಾನನ್ನು ಕ್ಲೋರಿನ್ ಕಸಿದುಕೊಂಡಿದೆ, ಬ್ರೋಮಿನ್ ಹೊರಗೆ ಬಿದ್ದಿದೆ. ಅಯೋಡೈಡ್ ಆದರೆ ಕಂದು ಬಣ್ಣ. ಉಲ್ಟಾ ಮಾಡು, ಪೊಟ್ಯಾಸಿಯಂ ಕ್ಲೋರೈಡಿಗೆ ಅಯೋಡಿನ್ ಹಾಕು. ಏನೂ ಆಗುವುದಿಲ್ಲ. ಮೇಲಿನದು ಕೆಳಗಿನದರಿಂದ ಕಸಿಯುತ್ತದೆ, ಕೆಳಗಿನದಕ್ಕೆ ಮೇಲಿನದರ ಮೇಲೆ ಕೈಮಾಡುವ ಶಕ್ತಿ ಇಲ್ಲ. ಮಳೆಗಾಲದಲ್ಲಿ ಮನೆಯ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರಲ್ಲ, ಅಲ್ಲೂ ಇದೇ ಗುಣ ಕೆಲಸಕ್ಕೆ ಬರುತ್ತದೆ. ಎಲೆಕ್ಟ್ರಾನ್ ಕಸಿಯುವ ಕ್ಲೋರಿನ್ ರೋಗಾಣುಗಳ ಮೈಯನ್ನೇ ಹಾಳುಮಾಡುತ್ತದೆ.

ಒಂದು ಕಡೆ ಮಾತ್ರ ಎಡವುವ ಸಾಧ್ಯತೆ ಇದೆ. ಎಲೆಕ್ಟ್ರಾನ್ ಸೇರಿದಾಗ ಬಿಡುಗಡೆಯಾಗುವ ಶಕ್ತಿ ಫ್ಲೋರಿನ್‌ಗಿಂತ ಕ್ಲೋರಿನ್‌ಗೇ ಜಾಸ್ತಿ: 328 ಎದುರು 349 ಕಿಲೋಜೂಲ್. ಫ್ಲೋರಿನ್ ತೀರಾ ಚಿಕ್ಕದು. ಒಳಗೆ ಈಗಾಗಲೇ ಇಕ್ಕಟ್ಟು, ಹೊಸದಾಗಿ ಬಂದ ಎಲೆಕ್ಟ್ರಾನನ್ನು ಇದ್ದವು ದೂಡುತ್ತವೆ. ಹಾಗಿದ್ದರೂ ಎಲ್ಲಕ್ಕಿಂತ ಚುರುಕು ಫ್ಲೋರಿನ್ನೇ. ಅದರ ಎರಡು ಪರಮಾಣುಗಳ ನಡುವಿನ ಬಂಧ ದುರ್ಬಲ, ಸುಲಭವಾಗಿ ಬಿಡುತ್ತದೆ. ಬೇರೆಯವುಗಳ ಜೊತೆ ಕಟ್ಟುವ ಬಂಧವೋ ಬಹಳ ಗಟ್ಟಿ. ಇದನ್ನು ಒಂದು ಸಲ ಅರ್ಥ ಮಾಡಿಕೊಂಡು ಬಿಡು, ಪರೀಕ್ಷೆಯಲ್ಲಿ ಬಂದರೂ ಬರಬಹುದು.

ಪ್ರಶ್ನೆ: ಮಳೆಗಾಲ ಶುರುವಾದರೆ ಭರಣಿಯ ಕಲ್ಲುಪ್ಪು ನೀರೊಡೆಯುತ್ತದೆ. ಅಂಗಡಿಯ ಪ್ಯಾಕೆಟ್ ಪುಡಿ ಉಪ್ಪು ಅಷ್ಟು ಒದ್ದೆಯಾಗುವುದಿಲ್ಲ. ಎರಡೂ ಸೋಡಿಯಂ ಕ್ಲೋರೈಡ್ ಅಲ್ವಾ? ಕಲ್ಲುಪ್ಪಿನಲ್ಲಿ ಏನಾದರೂ ಕಲಬೆರಕೆ ಇರುತ್ತದಾ?
– ಗೃಹಿಣಿ, ಉಳ್ಳಾಲ

ಉತ್ತರ: ಕಲಬೆರಕೆ ಎಂದು ಹೆದರಬೇಡಿ ಅಕ್ಕ. ಸಮುದ್ರವೇ ಬೆರೆಸಿ ಕೊಟ್ಟದ್ದು ಅದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಹೆಚ್ಚಿನ ಪಾಲು ಸೋಡಿಯಂ ಕ್ಲೋರೈಡ್, ಜೊತೆಗೆ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಲವಣಗಳು. ಗದ್ದೆಯಲ್ಲಿ ನೀರು ಆರಿಸಿ ಉಪ್ಪು ತೆಗೆದಾಗ ಹರಳಿನ ಮೈಗೆ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಅಂಟಿಕೊಂಡೇ ಬರುತ್ತದೆ.

ಮೆಗ್ನೀಸಿಯಂ 2ನೇ ಗುಂಪಿನದು. ಎರಡು ಎಲೆಕ್ಟ್ರಾನ್ ಕೊಡುತ್ತದೆ. ಕೊಟ್ಟ ಮೇಲೆ ಉಳಿಯುವ ಅಯಾನು (ಚಾರ್ಜ್ ಇರುವ ಪರಮಾಣು) ಸೋಡಿಯಂ ಅಯಾನಿಗಿಂತ ಚಿಕ್ಕದು, ಆದರೆ ಅದರ ಚಾರ್ಜ್ ಎರಡು ಪಟ್ಟು. ಚಿಕ್ಕ ಜಾಗದಲ್ಲಿ ಅಷ್ಟು ಚಾರ್ಜ್ ಇದ್ದರೆ ನೀರಿನ ಅಣುಗಳನ್ನು ಬಲವಾಗಿ ಎಳೆಯುತ್ತದೆ. ಗಾಳಿಯ ತೇವ ಸುಮಾರು ಶೇಕಡ 33 ದಾಟಿದರೆ ಸಾಕು, ಮೆಗ್ನೀಸಿಯಂ ಕ್ಲೋರೈಡ್ ಅದನ್ನು ಹೀರಿ ನೀರಾಗಲು ಶುರುಮಾಡುತ್ತದೆ. ಶುದ್ಧ ಸೋಡಿಯಂ ಕ್ಲೋರೈಡ್‌ಗೆ ಶೇಕಡ 75ರಷ್ಟು ತೇವ ಬೇಕು. ನಮ್ಮ ಕಡೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ಅದನ್ನೂ ಮೀರುತ್ತದೆ, ಹಾಗಾಗಿ ಶುದ್ಧ ಉಪ್ಪೂ ಒದ್ದೆಯಾಗಬಹುದು. ಪ್ಯಾಕೆಟ್ ಉಪ್ಪಿಗೆ ಗಂಟು ಕಟ್ಟದ ಹಾಗೆ ಬೇರೆ ಪುಡಿಯನ್ನೂ ಸೇರಿಸಿರುತ್ತಾರೆ.

ಭರಣಿಯ ತಳದಲ್ಲಿ ನಿಂತ ಕಹಿ ನೀರನ್ನು ಬಸಿದುಬಿಡಿ. ಮೆಗ್ನೀಸಿಯಂನ ದೊಡ್ಡ ಪಾಲು ಅದರಲ್ಲೇ ಹೋಗುತ್ತದೆ. ಉಪ್ಪಿನಕಾಯಿಗೆ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು ಹಾಕುವ ಅಜ್ಜಿಯರ ಪದ್ಧತಿಯೂ ಸರಿಯೇ, ತೇವ ಹೋಗುತ್ತದೆ. ಅಯೋಡಿನ್ ಮಾತ್ರ ನೆನಪಿರಲಿ. ಅಯೋಡಿನ್ ಸೇರಿಸಿದ ಉಪ್ಪನ್ನು ಮುಚ್ಚಳ ಬಿಗಿಯಾಗಿ ಹಾಕಿ, ಒಲೆಯಿಂದ ದೂರ ಇಡಿ.

ಪ್ರಶ್ನೆ: ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತಿಗೆ ಸುಣ್ಣವೇ ಯಾಕೆ ಬೇಕು? ಕಾಸ್ಟಿಕ್ ಸೋಡಾ ಹಾಕಿದರೆ ಬೇಗ ಆಗುವುದಿಲ್ಲವಾ? ಚಿಪ್ಪಿನ ಸುಣ್ಣ ಆಗುತ್ತದಾ?
– ಕೃಷಿಕ, ಕಾರ್ಕಳ

ಉತ್ತರ: ಕಾಸ್ಟಿಕ್ ಸೋಡಾ ಬೇಡ, ದಯವಿಟ್ಟು.

ಮೈಲುತುತ್ತು ಎಂದರೆ ಕಾಪರ್ ಸಲ್ಫೇಟ್. ನೀರಿನಲ್ಲಿ ಕರಗಿದಾಗ ಅದು ಆಮ್ಲೀಯ. ಹಾಗೇ ಹೊಡೆದರೆ ಗೊನೆಯೂ ಎಲೆಯೂ ಸುಡುತ್ತದೆ. ಅದನ್ನು ತಣಿಸಲು ಕ್ಷಾರ ಬೇಕು. ಕಾಸ್ಟಿಕ್ ಸೋಡಾ ಎಂದರೆ ಸೋಡಿಯಂ ಹೈಡ್ರಾಕ್ಸೈಡ್, 1ನೇ ಗುಂಪಿನ ಕ್ಷಾರ. ಪೂರ್ತಿ ಕರಗುತ್ತದೆ, ಪೂರ್ತಿ ಖಾರ. ಚೂರು ಹೆಚ್ಚಾದರೂ ಸಾಕು, ಈ ಬಾರಿ ಕ್ಷಾರದಿಂದ ಸುಡುತ್ತದೆ. ಕೈ ಕಣ್ಣಿಗೂ ಅಪಾಯ. ಸುಣ್ಣ 2ನೇ ಗುಂಪಿನದು. ಈ ಗುಂಪಿನ ಹೈಡ್ರಾಕ್ಸೈಡುಗಳು ಕರಗಲು ಹಿಂಜರಿಯುತ್ತವೆ. ಮೆಗ್ನೀಸಿಯಂನದು ಕರಗುವುದೇ ಇಲ್ಲ ಎನ್ನಬಹುದು. ಕ್ಯಾಲ್ಸಿಯಂನದು, ಅಂದರೆ ಸುಣ್ಣ, ಲೀಟರಿಗೆ 2 ಗ್ರಾಂ ಕೂಡ ಕರಗುವುದಿಲ್ಲ. ಕೆಳಗಿನ ಬೇರಿಯಂನದು ಚೆನ್ನಾಗಿ ಕರಗುತ್ತದೆ. ಸುಣ್ಣ ಸ್ವಲ್ಪ ಹೆಚ್ಚಾದರೂ ಕರಗದೆ ಉಳಿಯುವುದರಿಂದ ಖಾರ ಮಿತಿ ಮೀರುವುದಿಲ್ಲ. ತಾಮ್ರವೂ ಕರಗದ ರೂಪಕ್ಕೆ ಬಂದು ಗೊನೆಗೆ ಅಂಟುತ್ತದೆ. ಮಳೆಗೆ ಬೇಗ ತೊಳೆದು ಹೋಗುವುದಿಲ್ಲ, ಕೊಳೆರೋಗ ಹತ್ತದ ಹಾಗೆ ಬಹಳ ದಿನ ಕಾಯುತ್ತದೆ.

ಅಳತೆ ನಿಮಗೆ ಗೊತ್ತೇ ಇದೆ: 1 ಕೆಜಿ ಮೈಲುತುತ್ತು 50 ಲೀಟರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕದಡಬೇಕು. ಅದೇ ದಿನ ಹೊಡೆದು ಮುಗಿಸಬೇಕು. ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಬಂದರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣದ ನೀರು ಸೇರಿಸಿ. ತಾಮ್ರಕ್ಕಿಂತ ಕಬ್ಬಿಣ ಸುಲಭವಾಗಿ ಎಲೆಕ್ಟ್ರಾನ್ ಕೊಡುವುದರಿಂದ ತಾಮ್ರ ಲೋಹವಾಗಿ ಕತ್ತಿಗೆ ಹತ್ತುತ್ತದೆ. ಇದೇ ಕಾರಣಕ್ಕೆ ಕಬ್ಬಿಣದ ಡ್ರಮ್ಮಿನಲ್ಲಿ ಈ ದ್ರಾವಣ ಮಾಡಬಾರದು. ಪ್ಲಾಸ್ಟಿಕ್ ಡ್ರಮ್ ಒಳ್ಳೆಯದು.

ಚಿಪ್ಪಿನ ಸುಣ್ಣ ಧಾರಾಳವಾಗಿ ಆಗುತ್ತದೆ. ಮರುವಾಯಿ ಚಿಪ್ಪೂ ಸುಣ್ಣದ ಕಲ್ಲೂ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟರೆ ಎರಡೂ ಸುಟ್ಟ ಸುಣ್ಣವೇ. ಆದರೆ ಹೊಸದಾಗಿರಬೇಕು. ಬಹಳ ದಿನ ಗಾಳಿಗೆ ತೆರೆದಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಾರ್ಬೊನೇಟ್ ಆಗಿರುತ್ತದೆ. ಅದರಲ್ಲಿ ಬಲ ಇರುವುದಿಲ್ಲ.

ಪ್ರಶ್ನೆ: ಹೈಡ್ರೋಜನ್ ಅನಿಲ, ಲೋಹವಲ್ಲ. ಅದನ್ನು ಸೋಡಿಯಂ ಮೇಲೆ ಯಾಕೆ ಕೂರಿಸಿದ್ದಾರೆ ಎಂದು ಮಕ್ಕಳು ಕೇಳುತ್ತಾರೆ. ಏನು ಹೇಳಲಿ?
– ಪ್ರೌಢಶಾಲಾ ಶಿಕ್ಷಕಿ, ಕುಂದಾಪುರ

ಉತ್ತರ: ಮಕ್ಕಳಿಗೆ ಶಹಬ್ಬಾಸ್ ಹೇಳಿ ಮೇಡಂ. ಹೈಡ್ರೋಜನ್‌ಗೆ ಇರುವುದು ಒಂದೇ ಎಲೆಕ್ಟ್ರಾನ್, ಆ ಲೆಕ್ಕಕ್ಕೆ ಅದು ಅಲ್ಲಿದೆ. ಆಮ್ಲಗಳಲ್ಲಿ ಅದು ಸೋಡಿಯಂ ಹಾಗೆ ಕೊಡುವ ಕಡೆ ನಿಲ್ಲುತ್ತದೆ. ಆದರೆ ಅದರ ಕವಚ ತುಂಬಲು ಇನ್ನೊಂದೇ ಸಾಕು. ಬಿಸಿ ಸೋಡಿಯಂ ಜೊತೆ ಸೇರಿದಾಗ ಕ್ಲೋರಿನ್ ಹಾಗೆ ಎಲೆಕ್ಟ್ರಾನ್ ಕಸಿದು ಸೋಡಿಯಂ ಹೈಡ್ರೈಡ್ ಆಗುತ್ತದೆ. ಎಲೆಕ್ಟ್ರಾನ್ ಕಿತ್ತು ತೆಗೆಯಲು ಅದಕ್ಕೆ 1312 ಕಿಲೋಜೂಲ್ ಬೇಕು, ಸೋಡಿಯಂಗಿಂತ ಎರಡೂವರೆ ಪಟ್ಟು ಜಾಸ್ತಿ. ಕೆಲವು ಕೋಷ್ಟಕಗಳಲ್ಲಿ ಅದನ್ನು ಎರಡೂ ಗುಂಪುಗಳಿಂದ ಬಿಡಿಸಿ ಮೇಲೆ ಒಂಟಿಯಾಗಿ ಬರೆದಿರುತ್ತಾರೆ. ಅಂಥ ಒಂದು ಕೋಷ್ಟಕವನ್ನು ಪುಸ್ತಕದ ಕೋಷ್ಟಕದ ಪಕ್ಕದಲ್ಲಿಟ್ಟು, ನೀವಾದರೆ ಎಲ್ಲಿ ಕೂರಿಸುತ್ತೀರಿ ಎಂದು ಮಕ್ಕಳನ್ನೇ ಕೇಳಿ.