ಹಾರಬಲ್ಲ ಹಕ್ಕಿಗೆ ಒಂದೇ ದ್ವೀಪ ಏಕೆ?

ಪ್ರಶ್ನೆ: ನ್ಯೂಜಿಲೆಂಡಿನ ಶೋರ್ ಪ್ಲವರ್ ಎಂಬ ಕಡಲತೀರದ ಹಕ್ಕಿ ಬಹುಕಾಲ ಒಂದು ಪುಟ್ಟ ದ್ವೀಪದಲ್ಲಷ್ಟೇ ಉಳಿದಿತ್ತೆಂದು ಓದಿದೆ. ಹಾರಬಲ್ಲ ಹಕ್ಕಿ ಬೇರೆ ತೀರಗಳಿಗೆ ಹೋಗಿ ನೆಲೆಸಬಹುದಿತ್ತಲ್ಲವೇ?

ಉತ್ತರ: ಟಿಟ್ಟಿಭಗಳ ಕುಟುಂಬಕ್ಕೆ ಸೇರಿದ, ಸುಮಾರು 60 ಗ್ರಾಂ ತೂಗುವ ಈ ಹಕ್ಕಿ ಮೊದಲಿನಿಂದಲೂ ಒಂದೇ ದ್ವೀಪದ್ದಾಗಿರಲಿಲ್ಲ. ಹಿಂದೆ ಅದು ನ್ಯೂಜಿಲೆಂಡಿನ ಮುಖ್ಯ ದ್ವೀಪಗಳ ಕರಾವಳಿಯಲ್ಲಿಯೂ ಇತ್ತು. ಹಡಗುಗಳಲ್ಲಿ ಬಂದಿಳಿದ ಇಲಿಗಳೂ ಬೆಕ್ಕುಗಳೂ ಅಲ್ಲೆಲ್ಲ ಹರಡಿದಂತೆ ಅದು ಒಂದೊಂದೇ ತೀರದಿಂದ ಮರೆಯಾಗುತ್ತ ಹೋಗಿ, ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ, ಪೂರ್ವಕ್ಕೆ ಸುಮಾರು 800 ಕಿ.ಮೀ. ದೂರದಲ್ಲಿರುವ ಚಾಥಮ್ ದ್ವೀಪಸಮೂಹದಲ್ಲಿ ಮಾತ್ರ ಉಳಿಯಿತು. ಅಲ್ಲಿಯೂ ಅದಕ್ಕೆ ಆಸರೆಯಾದದ್ದು ಇಲಿ, ಬೆಕ್ಕುಗಳು ನೆಲೆಯೂರದ ರಂಗಟಿರ ಎಂಬ ದ್ವೀಪ. ಅದರ ವಿಸ್ತೀರ್ಣ ಸುಮಾರು 218 ಹೆಕ್ಟೇರ್ ಅಷ್ಟೇ.

ರೆಕ್ಕೆಗಳಿದ್ದೂ ಪ್ರಯೋಜನವಾಗದಿರುವುದಕ್ಕೆ ಕಾರಣ ಗೂಡಿನಲ್ಲಿದೆ. ಈ ಕುಟುಂಬದ ಹೆಚ್ಚಿನ ಹಕ್ಕಿಗಳು ಬಯಲು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ; ಶೋರ್ ಪ್ಲವರ್ ಮಾತ್ರ ದಟ್ಟವಾದ ಗಿಡಗಳ ಬುಡದಲ್ಲೋ ಬಂಡೆಯ ಸಂದಿನಲ್ಲೋ ಅಲೆ ತಂದು ಹಾಕಿದ ಮರದ ದಿಮ್ಮಿಯ ಅಡಿಯಲ್ಲೋ ಸಾಮಾನ್ಯವಾಗಿ ಮೂರು ಮೊಟ್ಟೆಗಳನ್ನಿಟ್ಟು ಕಾವು ಕೊಡುತ್ತದೆ. ಆಕಾಶದಿಂದ ಕಣ್ಣಿಟ್ಟು ಹುಡುಕುವ ಸ್ಕೂವಾದಂಥ ಕಡಲಹಕ್ಕಿಗಳಿಂದ ಪಾರಾಗಲು ಇದು ಒಳ್ಳೆಯ ಉಪಾಯವೇ. ಆದರೆ ನೆಲದಲ್ಲಿ ವಾಸನೆ ಹಿಡಿದು ಬರುವ ಇಲಿಗೆ ಈ ಮರೆಯಿಂದ ಅಡ್ಡಿಯೇನೂ ಇಲ್ಲ. ಕಾವಿಗೆ ಕುಳಿತ ಹಕ್ಕಿಗೋ, ಮೇಲೆಯೇ ಮುಚ್ಚಿಗೆ ಇರುವುದರಿಂದ, ಥಟ್ಟನೆ ಹಾರಿ ತಪ್ಪಿಸಿಕೊಳ್ಳುವುದೂ ಕಷ್ಟ.

1990ರ ದಶಕದಿಂದೀಚೆಗೆ, ರಂಗಟಿರದಿಂದ ತಂದ ಮೊಟ್ಟೆಗಳಿಂದ ಮರಿಗಳನ್ನು ಬೆಳೆಸಿ, ಅವುಗಳ ಸಂತತಿಯನ್ನು ಇಲಿಗಳಿಲ್ಲದ ಬೇರೆ ದ್ವೀಪಗಳಿಗೆ ಬಿಡಲಾಗುತ್ತಿದೆ. ಇಲ್ಲಿ ನೀವು ಹೇಳುವ ಹಾರಾಟವೇ ತೊಡಕಾಯಿತು. ಬಿಟ್ಟ ಹಕ್ಕಿಗಳಲ್ಲಿ ಹಲವು ಆ ದ್ವೀಪದಲ್ಲಿ ನಿಲ್ಲದೆ ಮುಖ್ಯ ದ್ವೀಪಗಳ ತೀರಕ್ಕೆ, ಅಂದರೆ ಬೇಟೆಗಾರ ಪ್ರಾಣಿಗಳಿರುವಲ್ಲಿಗೇ, ಹಾರಿಹೋದವು. ಮಾಹಿಯಾ ಪರ್ಯಾಯದ್ವೀಪದ ಬಳಿಯ ವೈಕಾವಾ ದ್ವೀಪದಲ್ಲಿ ಅವು ಚೆನ್ನಾಗಿಯೇ ಹೆಚ್ಚಿದ್ದವು. 2012ರಲ್ಲಿ ಅಲ್ಲಿಗೂ ಇಲಿ ನುಸುಳಿ, ವರ್ಷಗಳ ದುಡಿಮೆಯ ಫಲ ಬಹುಮಟ್ಟಿಗೆ ಕೈತಪ್ಪಿತು. ಒಟ್ಟು ಸಂಖ್ಯೆ ಸುಮಾರು 250ರ ಆಸುಪಾಸಿನಲ್ಲಿರುವ ಹಕ್ಕಿಗೆ ಇದು ಸಣ್ಣ ಪೆಟ್ಟಲ್ಲ. ಆದ್ದರಿಂದ ಹೊಸ ದ್ವೀಪ ಹುಡುಕುವುದಕ್ಕಿಂತ, ಹಕ್ಕಿಯನ್ನು ಬಿಟ್ಟ ಮೇಲೆ ಆ ದ್ವೀಪದ ದಡವನ್ನು ವರ್ಷವಿಡೀ ಕಾಯುವುದೇ ಹೆಚ್ಚಿನ ಕೆಲಸವೆಂದು ನನ್ನ ಎಣಿಕೆ.

ಪ್ರಶ್ನೆ: ಇದರಲ್ಲಿ ಗಂಡು, ಹೆಣ್ಣುಗಳನ್ನು ಗುರುತಿಸುವುದು ಹೇಗೆ?

ಉತ್ತರ: ಮುಖ ನೋಡಿದರೆ ಸಾಕು. ಬೆಳೆದ ಗಂಡಿನ ಮುಖ, ಕೊರಳು ಕಪ್ಪಾಗಿದ್ದರೆ ಹೆಣ್ಣಿನವು ಕಂದು ಛಾಯೆಯವು. ನೆತ್ತಿಯನ್ನು ಸುತ್ತುವರಿದ ಬಿಳಿಯ ಪಟ್ಟಿ ಎರಡರಲ್ಲೂ ಇರುತ್ತದೆ. ಕಿತ್ತಳೆಗೆಂಪು ಕೊಕ್ಕಿನ ತುದಿಯ ಕಪ್ಪು ಬಣ್ಣ ಹೆಣ್ಣಿನಲ್ಲಿ ಇನ್ನಷ್ಟು ಹಿಂದಕ್ಕೆ ಚಾಚಿರುತ್ತದೆ.